ನಾಯಿಮರಿ ಸತ್ತರೆ ಅಳುವ ಹುಡುಗ ಕ್ಲಾಸಿನಲ್ಲಿ ಇನ್ನೊಬ್ಬನನ್ನು ಗೋಳು ಹೊಯ್ದುಕೊಳ್ಳುತ್ತಾನೆ, ಇದು ಹೇಗೆ?

ಮೋಟಾರ್ ಅಂಗಡಿ, ತುಮಕೂರು

ನಮಸ್ಕಾರ. ನಾನು ಇಲ್ಲಿ ಓದುವವನು ಮಾತ್ರ, ಬರೆಯುವುದು ಇದೇ ಮೊದಲು. ತುಮಕೂರಿನಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಬೋರ್‌ವೆಲ್ ಮೋಟಾರು, ಸ್ಟಾರ್ಟರು, ಕೇಬಲ್ಲು, ಇಷ್ಟೇ ನನ್ನ ಪ್ರಪಂಚ. ಮಗ 8ನೇ ಕ್ಲಾಸು, ವಯಸ್ಸು 13.

ಹೋದ ತಿಂಗಳು ಅವನ ಸ್ಕೂಲಿನ ಬೋರು ಕೈಕೊಟ್ಟಿತು. ನನಗೇ ಫೋನ್ ಬಂತು. ಪ್ಯಾನೆಲ್ ಬೋರ್ಡ್ ಇರುವುದು ಕ್ಲಾಸುಗಳ ಹಿಂದಿನ ಒಂದು ಸಣ್ಣ ಶೀಟಿನ ರೂಮಿನಲ್ಲಿ. ನಾನು ಒಳಗೆ ಕುಕ್ಕರಗಾಲಲ್ಲಿ ಕೂತು ವೈರ್ ನೋಡುತ್ತಿದ್ದೆ. ಇಂಟರ್‌ವಲ್ ಬೆಲ್ ಹೊಡೆಯಿತು. ಏಳೆಂಟು ಹುಡುಗರು ಗೋಡೆಯ ಆ ಕಡೆ ಬಂದು ನಿಂತರು. ಅದರಲ್ಲಿ ನನ್ನ ಮಗನ ದನಿ.

"ಲೋ, ನಿಮ್ಮೂರು ಯಾವುದೋ?"

ಆ ಹುಡುಗನಿಗೆ ತೊದಲು. ಅವನ ಊರು ಪಾವಗಡ. "ಪ... ಪ... ಪ..." ಅನ್ನುತ್ತಾ ಸಿಕ್ಕಿಕೊಂಡ. ತಕ್ಷಣ ನನ್ನ ಮಗ "ಕಿಕ್ ಹೊಡೀರೋ, ಕಿಕ್ ಹೊಡೀರೋ" ಅಂದ. ಕಿಟಕಿಯ ಸಂದಿಯಲ್ಲಿ ನೋಡಿದೆ. ಒಬ್ಬ ಹಳೇ ಬೈಕಿಗೆ ಕಿಕ್ ಹೊಡೆಯುವ ಹಾಗೆ ಕಾಲು ಬೀಸಿದ. ಇನ್ನೊಬ್ಬ ಸ್ಟಾರ್ಟ್ ಆಗದ ಗಾಡಿಯ ಸದ್ದು ಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತೊದಲುವ ಹುಡುಗನೂ ನಕ್ಕ. ಅವನನ್ನು ಈಗ ಕ್ಲಾಸಿನಲ್ಲಿ ಕರೆಯುವುದೇ "ಕಿಕ್ಕು" ಅಂತ, ಅದು ಆಮೇಲೆ ತಿಳಿಯಿತು.

ನಾನು ಹೊರಗೆ ಬರಲಿಲ್ಲ. ಟೆಸ್ಟರ್ ಹಿಡಿದುಕೊಂಡು ಹಾಗೇ ಕೂತಿದ್ದೆ. ಯಾಕೆ ಅಂತ ಕೇಳಬೇಡಿ.

ಇದೇ ಹುಡುಗ ಹೋದ ಮಳೆಗಾಲದಲ್ಲಿ ಚರಂಡಿಗೆ ಬಿದ್ದ ನಾಯಿಮರಿಯನ್ನು ಎತ್ತಿ ತಂದು ನನ್ನ ಹೊಸ ಟವೆಲ್ಲಿನಲ್ಲಿ ಸುತ್ತಿ ಮಲಗಿಸಿದ್ದ. ಮೂರನೇ ದಿನಕ್ಕೆ ಅದು ಸತ್ತಿತು. ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಅಮ್ಮನಿಗೆ ಮಂಡಿನೋವು. ಯಾರೂ ಹೇಳದೆ ರಾತ್ರಿ ಎಣ್ಣೆ ಹಚ್ಚುವವನು ಇವನೇ.

ಅವತ್ತು ರಾತ್ರಿ ಕೂರಿಸಿಕೊಂಡು ಕೇಳಿದೆ. "ಅವನ ಜಾಗದಲ್ಲಿ ನೀನಿದ್ದರೆ ಹೇಗಿರುತ್ತೆ?" ಮಗ್ಗಿ ಒಪ್ಪಿಸುವ ಹಾಗೆ ಥಟ್ ಅಂತ ಹೇಳಿದ: "ಬೇಜಾರಾಗುತ್ತೆ." "ಮತ್ತೆ ಯಾಕೋ ಮಾಡ್ತೀಯಾ?" "ಅವನೂ ನಗ್ತಾನಲ್ಲಪ್ಪ."

ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ಆ ಹುಡುಗನಿಗೆ ಬೇರೆ ಅಕ್ಷರ ಅಷ್ಟು ಕಷ್ಟ ಇಲ್ಲವಂತೆ. 'ಪ' ಬಂದರೆ ಜಾಸ್ತಿ. ಇದನ್ನು ಗಮನಿಸಿದ್ದು ನನ್ನ ಮಗ. ಕ್ಲಾಸ್ ಮಿಸ್ಸಿಗೂ ಗೊತ್ತಿರಲಿಲ್ಲ. ಅದಕ್ಕೇ ದಿನಾ ಊರು ಕೇಳುವುದು.

ಇನ್ನೊಬ್ಬರ ನೋವು ಅರ್ಥವಾಗದ ಮಕ್ಕಳು ಹೀಗೆ ಕಾಟ ಕೊಡುತ್ತಾರೆ ಅಂತ ಎಲ್ಲೋ ಓದಿದ್ದೆ. ಇವನಿಗೆ ಅರ್ಥವಾಗುತ್ತದೆ, ನನಗಿಂತ ಚೆನ್ನಾಗಿ. ರೈತರು ಮೋಟಾರ್ ತಂದು "ಸುಟ್ಟೋಯ್ತು" ಅನ್ನುತ್ತಾರೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ವೈಂಡಿಂಗ್, ಅಂದರೆ ಒಳಗೆ ಸುತ್ತಿದ ತಂತಿ, ಸರಿಯಾಗೇ ಇರುತ್ತದೆ, ತೊಂದರೆ ಸ್ಟಾರ್ಟರಿನಲ್ಲಿರುತ್ತದೆ. ನನ್ನ ಮಗನದು ಯಾವುದು ಅಂತ ನನಗೆ ತಿಳಿಯುತ್ತಿಲ್ಲ. ಹೆಂಡತಿ ಆ ಹುಡುಗನ ಮನೆಗೇ ಕರೆದುಕೊಂಡು ಹೋಗಿ ಕ್ಷಮೆ ಕೇಳಿಸೋಣ ಅನ್ನುತ್ತಾಳೆ. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಅನುಭವ ಇದ್ದವರು ಹೇಳಿ.

ಹಳೇ ಬ್ಯಾಚು

ಸಾರ್, ಸುಮ್ನೆ ದೊಡ್ಡದು ಮಾಡಬೇಡಿ. ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಅಡ್ಡಹೆಸರಿತ್ತು. ನನ್ನನ್ನು "ಬೋಂಡ" ಅಂತಿದ್ದರು. ಇವತ್ತಿಗೂ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಹೆಸರು. ಏನಾಗಿದೆ ನನಗೆ? ಈಗಿನ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಎಲ್ಲಾ ಜಾಸ್ತಿ ಸೂಕ್ಷ್ಮ. ಎರಡು ಬಿಟ್ಟು ಬುದ್ಧಿ ಹೇಳಿ, ಮುಗಿಯಿತು.

ಕೊನೇ ಬೆಂಚು, ಮೈಸೂರು

ಅಣ್ಣ, ನಾನು ಆ ಪಾವಗಡದ ಹುಡುಗನ ಕಡೆಯವನು. ಈಗ ವಯಸ್ಸು 34, ಈಗಲೂ ತೊದಲುತ್ತೇನೆ, ಕಡಿಮೆ.

ಮೊದಲು ಆ ನಗುವಿನ ವಿಷಯ ಹೇಳಿಬಿಡುತ್ತೇನೆ. ನಾನೂ ನಗುತ್ತಿದ್ದೆ. ಎಲ್ಲರಿಗಿಂತ ಜೋರಾಗಿ. ನಗದಿದ್ದರೆ "ಓ, ಕೋಪ ಬಂತು ನೋಡ್ರೋ" ಅಂತ ಇನ್ನೊಂದು ಸುತ್ತು ಶುರುವಾಗುತ್ತದೆ. ನಕ್ಕರೆ ಒಂದೇ ಸುತ್ತಿಗೆ ಮುಗಿಯುತ್ತದೆ. ಲೆಕ್ಕ ಅಷ್ಟೇ. ನಿಮ್ಮ ಮಗನಿಗೆ ಇದೊಂದನ್ನು ದಯವಿಟ್ಟು ಹೇಳಿ.

ತೊದಲು ಅಂದರೆ ಏನು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಬೆಳಗ್ಗೆ ಪ್ರೇಯರ್‌ನಲ್ಲಿ ಎಲ್ಲರ ಜೊತೆ ನಾಡಗೀತೆ ಹಾಡುವಾಗ ನನಗೆ ಒಂದು ಅಕ್ಷರವೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟು ಹಾಜರಿ ಕೂಗಿದರೆ "ಯೆಸ್ ಸಾರ್" ಬರುತ್ತಿರಲಿಲ್ಲ. ಅದಕ್ಕೇ ಹುಡುಗರು "ಇವನು ನಾಟಕ ಮಾಡ್ತಾನೆ" ಅಂತಿದ್ದರು. ಹೋಟೆಲಿನಲ್ಲಿ ಮಸಾಲೆ ದೋಸೆ ಬೇಕು ಅನಿಸಿದರೂ 'ಮ' ಬರುವುದಿಲ್ಲ ಅಂತ ಇಡ್ಲಿ ಹೇಳಿ ತಿಂದು ಎದ್ದು ಬಂದಿದ್ದೇನೆ, ಎಷ್ಟೋ ಸಲ. ಆ ಹುಡುಗ ಯಾರಾದರೂ ಊರು ಕೇಳಿದರೆ ತುಮಕೂರು ಅಂತ ಹೇಳುವುದನ್ನು ಕಲಿತಿರುತ್ತಾನೆ, ನೋಡಿ. ನಿಮ್ಮ ಮಗನ ಮುಂದೆ ಮಾತ್ರ ಆ ದಾರಿ ಇಲ್ಲ, ಯಾಕೆಂದರೆ ಇವನಿಗೆ ನಿಜ ಗೊತ್ತು.

ಕ್ಷಮೆ ಕೇಳಿಸುವುದರ ಬಗ್ಗೆ: 9ನೇ ಕ್ಲಾಸಿನಲ್ಲಿ ನಮ್ಮ ಹೆಡ್‌ಮಾಸ್ಟರು ಪ್ರೇಯರ್‌ನಲ್ಲಿ ಎಲ್ಲರೆದುರು ಮೂವರು ಹುಡುಗರಿಂದ ನನಗೆ ಕೈ ಕೊಡಿಸಿದರು. ಚಪ್ಪಾಳೆ ಬೇರೆ. ಅವತ್ತು ಸಂಜೆ ಸೈಕಲ್ ಸ್ಟ್ಯಾಂಡಿನಲ್ಲಿ ನನ್ನ ಎರಡೂ ಚಕ್ರದ ಗಾಳಿ ಇರಲಿಲ್ಲ. ಆಮೇಲೆ ಕಾಟ ನಿಲ್ಲಲಿಲ್ಲ, ಮೇಷ್ಟ್ರಿಗೆ ಕಾಣದ ಜಾಗಕ್ಕೆ ಹೋಯಿತು, ಅಷ್ಟೇ.

ನನ್ನನ್ನು ಉಳಿಸಿದವನು ಅಂತ ಯಾರಾದರೂ ಇದ್ದರೆ ನನ್ನ ಬೆಂಚಿನ ಒಬ್ಬ. ಅವನು ಯಾರ ಜೊತೆಗೂ ಜಗಳ ಆಡಲಿಲ್ಲ, ನನ್ನ ಪರ ಭಾಷಣ ಮಾಡಲಿಲ್ಲ. ನಾನು ಸಿಕ್ಕಿಕೊಂಡಾಗ ಉಳಿದವರು ನಗುತ್ತಿದ್ದರೆ ಅವನು ನಗದೆ ನನ್ನ ಮುಖ ನೋಡುತ್ತಾ ಕಾಯುತ್ತಿದ್ದ. ಮಾತು ಮುಗಿದ ಮೇಲೆ "ಹೂಂ, ಆಮೇಲೆ?" ಅನ್ನುತ್ತಿದ್ದ. ಅಷ್ಟೇ ಸಾರ್. ಪದ ಪೂರ್ತಿ ಮಾಡಿಕೊಡುತ್ತಲೂ ಇರಲಿಲ್ಲ. ಒಳ್ಳೆಯವರು ಕೂಡ ಆ ತಪ್ಪು ಮಾಡುತ್ತಾರೆ, ನಾವು ಹೇಳುವ ಮೊದಲೇ ಬಾಯಿಂದ ಪದ ಕಿತ್ತುಕೊಳ್ಳುತ್ತಾರೆ.

ಇನ್ನೊಂದು. ಆ ಹುಡುಗನ ಮನೆಯವರ ಪರಿಚಯವಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ ಅಂತ ತಿಳಿಸಿ. ನಾನು ಸೆಕೆಂಡ್ ಪಿಯುಸಿಯಲ್ಲಿ ಹೋದೆ. ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು.

ಮಕ್ಕಳ ಜೊತೆ ಕೆಲಸ, ಬೆಂಗಳೂರು

ನಾನು ಶಾಲಾ ಮಕ್ಕಳ ಆಪ್ತ ಸಮಾಲೋಚಕಿ. ಅಣ್ಣ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ.

ಇನ್ನೊಬ್ಬರ ನೋವು ಗೊತ್ತಾಗುವುದು ಬೇರೆ, ಅದು ನಮಗೆ ತಟ್ಟುವುದು ಬೇರೆ. ಒಂದು ತಲೆಯ ಕೆಲಸ. ಇನ್ನೊಂದು, ಕರುಳು ಚುರುಕ್ ಅನ್ನುತ್ತದಲ್ಲ, ಅದು. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಕಾಟ ಕೊಡುವ ಹುಡುಗ ದಡ್ಡ, ಅವನಿಗೆ ಬೇರೆಯವರ ಮನಸ್ಸು ಓದಲು ಬರುವುದಿಲ್ಲ ಅಂತ ಹಿಂದೆ ನಂಬಿಕೆ ಇತ್ತು. ಇಂಗ್ಲೆಂಡಿನಲ್ಲಿ ಜಾನ್ ಸಟನ್ ಮತ್ತು ಜೊತೆಗಾರರು 7ರಿಂದ 10 ವರ್ಷದ ಮಕ್ಕಳನ್ನು ಪರೀಕ್ಷಿಸಿ 1999ರಲ್ಲಿ ಬರೆದರು. ಕಥೆ ಹೇಳಿ, ಅದರಲ್ಲಿ ಯಾರಿಗೆ ಏನನಿಸಿತು ಅಂತ ಕೇಳಿದರೆ, ಗುಂಪು ಕಟ್ಟಿಕೊಂಡು ಕಾಟ ಕೊಡುವ ಮುಂದಾಳು ಮಕ್ಕಳು ತಮ್ಮ ಹಿಂಬಾಲಕರಿಗಿಂತ, ಕಾಟ ತಿನ್ನುವವರಿಗಿಂತ ಚೆನ್ನಾಗಿ ಉತ್ತರಿಸಿದರು. ಅಲ್ವಾ ಮತ್ತೆ, ಎಲ್ಲಿ ಚುಚ್ಚಿದರೆ ನೋಯುತ್ತದೆ ಅಂತ ಗೊತ್ತಿದ್ದವನೇ ತಾನೇ ಸರಿಯಾಗಿ ಚುಚ್ಚುವುದು? ನಿಮ್ಮ ಮಗನ 'ಪ' ಅದೇ.

ನಿಮ್ಮ ಮಗನಿಗಿಂತ ಸ್ವಲ್ಪ ದೊಡ್ಡವರದು ಇನ್ನೊಂದು ಇದೆ. ಅಲ್ಲಿಯದೇ 15 ವರ್ಷದ ಆಸುಪಾಸಿನ 720 ಮಕ್ಕಳನ್ನು ಜಾಲಿಫ್ ಮತ್ತು ಫ್ಯಾರಿಂಗ್ಟನ್ ಅನ್ನುವವರು ಕೇಳಿ ನೋಡಿದರು, 2006ರಲ್ಲಿ ಅಚ್ಚಾಯಿತು. ಗೊತ್ತಾಗುವ ಭಾಗಕ್ಕೂ ಕಾಟ ಕೊಡುವುದಕ್ಕೂ ನಂಟು ಕಾಣಲಿಲ್ಲ. ತಟ್ಟುವ ಭಾಗಕ್ಕೆ ಕಂಡಿತು. ಅದೂ ಹುಡುಗರ ಮಟ್ಟಿಗೆ ಹೇಳುವುದಾದರೆ, ಪದೇ ಪದೇ ಕಾಟ ಕೊಡುವವರಲ್ಲಿ ಮಾತ್ರ. ಅಪರೂಪಕ್ಕೊಮ್ಮೆ ಮಾಡಿದವರಲ್ಲಿ ಅಷ್ಟಾಗಿ ಇಲ್ಲ. ಹಾಗಾಗಿ ನಿಮ್ಮ ಮಗನ ವೈಂಡಿಂಗ್ ಸುಟ್ಟಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಹಾಗಂತ ದಿನಾ ಊರು ಕೇಳುವುದು ಅಪರೂಪವೂ ಅಲ್ಲ. ಅದನ್ನು ಇಲ್ಲಿಗೇ ನಿಲ್ಲಿಸಬೇಕು.

ನಾಯಿಮರಿಗೆ ತಟ್ಟಿದ್ದು ಇಲ್ಲಿ ಯಾಕೆ ತಟ್ಟುವುದಿಲ್ಲ? ನಾಯಿಮರಿಯ ಮುಂದೆ ಅವನೊಬ್ಬನೇ ಇದ್ದ. ಗೋಡೆಯ ಪಕ್ಕ ಏಳು ಜನ ಇದ್ದರು. 13ನೇ ವಯಸ್ಸಿನಲ್ಲಿ ಆ ಏಳು ಜನರ ನಗು ಅಂದರೆ ಸಂಬಳ ಇದ್ದ ಹಾಗೆ. ಆ ಸದ್ದಿನಲ್ಲಿ ಒಳಗಿನ ಚುರುಕ್ ಕೇಳಿಸುವುದಿಲ್ಲ. ಕೇಳಿಸಿದರೂ "ತಮಾಷೆಗೆ", "ಅವನೂ ನಗ್ತಾನೆ" ಅಂತ ಒಂದು ಬಟ್ಟೆ ಹೊದಿಸಿದರೆ ಮುಗಿಯಿತು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಈ ಬಟ್ಟೆ ಹೊದಿಸುವ ಕೆಲಸದ ಮೇಲೆಯೇ ವರ್ಷಗಟ್ಟಲೆ ಬರೆದರು. ದೊಡ್ಡವರೂ ಅದನ್ನೇ ಮಾಡುತ್ತೇವೆ ಬಿಡಿ.

ಅದಕ್ಕೇ "ನಿನಗೆ ಹಾಗೆ ಆಗಿದ್ದರೆ?" ಅಂತ ಮತ್ತೆ ಕೇಳಬೇಡಿ. ಆ ಪರೀಕ್ಷೆಯಲ್ಲಿ ಅವನು ಆಗಲೇ ಪಾಸು. ಬೇರೆ ಕೇಳಿ. ಕಿಕ್ ಹೊಡೆದಾಗ ಮೊದಲು ನಕ್ಕವರು ಯಾರು? ಯಾರು ನಗಲಿಲ್ಲ? ನಗದವನ ಕಡೆ ನೀನು ನೋಡಿದೆಯಾ? ಆ ಹುಡುಗನೊಬ್ಬನೇ ಇದ್ದಾಗ ಊರು ಕೇಳುತ್ತೀಯಾ? ಕೊನೆಯದಕ್ಕೆ ಅವನು ಏನು ಹೇಳುತ್ತಾನೆ ಅಂತ ನನಗೆ ಕುತೂಹಲ.

ನೋಡುತ್ತಾ ನಿಂತವರ ಮಾತು ಬಂತಲ್ಲ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ 1996ರಲ್ಲೇ ತೋರಿಸಿದ್ದು ಇದನ್ನು. ಕಾಟ ಕೊಡುವವನು, ತಿನ್ನುವವನು ಇಬ್ಬರೇ ಅಲ್ಲ, ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ಮನೆ ದೂರ ಹೋಗುವವರು, ಪರ ನಿಲ್ಲುವವರು, ಹೀಗೆ ಇಡೀ ಕ್ಲಾಸಿಗೂ ಒಂದೊಂದು ಪಾತ್ರ ಇರುತ್ತದೆ. ಕೆನಡಾದಲ್ಲಿ ಮಕ್ಕಳಿಗೆ ಮೈಕು ಸಿಕ್ಕಿಸಿ ಆಟದ ಮೈದಾನವನ್ನು ವಿಡಿಯೋ ಮಾಡಿ ನೋಡಿದರು. 2001ರಲ್ಲಿ ಬಂದ ಆ ಅಧ್ಯಯನದಲ್ಲಿ ಕಾಟ ನಡೆದಾಗ 100ಕ್ಕೆ 88 ಸಲ ಬೇರೆ ಮಕ್ಕಳು ಅಲ್ಲೇ ಇದ್ದರು. ಮಧ್ಯೆ ಬಂದದ್ದು 19 ಸಲ. ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತೇ ಸೆಕೆಂಡಿನಲ್ಲಿ ಕಾಟ ನಿಂತಿತು. ಹತ್ತು ಸೆಕೆಂಡು! ಫಿನ್ಲೆಂಡಿನವರು ಇದರ ಮೇಲೆ ಕಟ್ಟಿದ ಕಾರ್ಯಕ್ರಮದ ಹೆಸರು ಕಿವಾ. ನನಗೆ ನಮ್ಮ 'ಕಿವಿ'ಯೇ ನೆನಪಾಗುತ್ತದೆ. 2009ರಿಂದ ದೇಶದ ಉದ್ದಕ್ಕೂ ನಡೆಯುತ್ತಿದೆ. ಅದರಲ್ಲಿ ಟೀಚರು ಕ್ಲಾಸಿನಲ್ಲಿ ಎಲ್ಲರಿಗೂ ಇಷ್ಟವಾಗುವ ಎರಡರಿಂದ ನಾಲ್ಕು ಮಕ್ಕಳನ್ನು ಬೇರೆಯಾಗಿ ಕರೆದು, ಕಾಟ ತಿನ್ನುವ ಮಗುವಿನ ಪಕ್ಕದಲ್ಲಿರಿ ಅನ್ನುತ್ತಾರೆ. ಮೈಸೂರಿನ ಸಾರ್ ಬರೆದ ಬೆಂಚಿನ ಗೆಳೆಯನೇ ಅದು. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ.

ಬೋಂಡ ಸಾರ್, ನಿಮಗೂ ಒಂದು ಮಾತು, ಬೇಜಾರಾಗಬೇಡಿ. ಸ್ವೀಡನ್, ನಾರ್ವೆಯಲ್ಲಿ 1970ರ ದಶಕದಿಂದ ಇದನ್ನು ಅಧ್ಯಯನ ಮಾಡಿದ ಡಾನ್ ಓಲ್ವೇಯಸ್, ಕಾಟ ಅಂದರೆ ಯಾವುದು ಅನ್ನುವುದಕ್ಕೆ ಮೂರು ಗುರುತು ಹೇಳಿದ್ದಾರೆ. ಬೇಕಂತಲೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಎದುರಿನವನಿಗೆ ತಿರುಗಿ ನಿಲ್ಲಲು ಬಲ ಇಲ್ಲದಿರುವುದು. ನಿಮ್ಮನ್ನು ಬೋಂಡ ಅಂದವನಿಗೆ ನೀವೂ ಒಂದು ಹೆಸರು ಇಟ್ಟಿರುತ್ತೀರಿ. ಆ ಹುಡುಗನಿಗೆ ತಿರುಗಿ ಹೇಳಬೇಕಾದ ಬಾಯೇ ಕೈಕೊಡುತ್ತದೆ.

ಮೋಟಾರ್ ಅಂಗಡಿ, ತುಮಕೂರು

ಎಲ್ಲರಿಗೂ ವಂದನೆ. ಮೈಸೂರಿನ ತಮ್ಮ ಬರೆದ ಮಸಾಲೆ ದೋಸೆ ವಿಷಯ ಹೆಂಡತಿಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಮನೆಗೆ ಹೋಗಿ ಕ್ಷಮೆ ಕೇಳಿಸುವುದು ಸದ್ಯಕ್ಕೆ ಬಿಟ್ಟಿದ್ದೇವೆ.

ಮೇಡಂ, ನೀವು ಹೇಳಿದ ಕೊನೆಯ ಪ್ರಶ್ನೆ ಕೇಳಿದೆ. ಒಬ್ಬನೇ ಇದ್ದಾಗ ಊರು ಕೇಳುತ್ತೀಯಾ? ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ಇಲ್ಲ. ಒಬ್ಬನೇ ಇದ್ದಾಗ ಲೆಕ್ಕ ಹೇಳ್ಕೊಡ್ತಾನೆ" ಅಂದ.

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನಗೆ ಮಿಮಿಕ್ರಿ ಚೆನ್ನಾಗಿ ಬರುತ್ತದೆ. ನಮ್ಮ ಅಂಗಡಿಗೆ ಪಾವಗಡ, ಮಧುಗಿರಿ ಕಡೆಯ ರೈತರು ಜಾಸ್ತಿ. ಪಾವಗಡದವರು ಆಂಧ್ರದ ಗಡಿಯವರು, ಮಾತಿನಲ್ಲಿ ತೆಲುಗು ಬೆರೆತಿರುತ್ತದೆ. ಅವರು ಮೋಟಾರ್ ಎತ್ತಿಕೊಂಡು ಅತ್ತ ಹೋದ ಮೇಲೆ ಇತ್ತ ಟೀ ಕುಡಿಯುತ್ತಾ ನಾನು ಅವರ ಹಾಗೇ ಮಾತಾಡಿ ತೋರಿಸುತ್ತೇನೆ. ಅಂಗಡಿ ಹುಡುಗರು ನಗುತ್ತಾರೆ. ಭಾನುವಾರ ನನ್ನ ಮಗ ಕಾಯಿಲ್ ಸುತ್ತುವ ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಾನೆ. ಎಲ್ಲರಿಗಿಂತ ಜೋರಾಗಿ ನಗುವವನು ಅವನೇ. ಮದುವೆ ಮನೆಗಳಲ್ಲಿ ನೆಂಟರು "ನಿಮ್ಮಪ್ಪನ ಹಾಗೇ ಒಂದು ಮಾಡಿ ತೋರಿಸೋ" ಅಂತ ಅವನನ್ನು ಕರೆದು ನಿಲ್ಲಿಸುತ್ತಾರೆ. ನಾನು ಹೆಮ್ಮೆಯಿಂದ ನೋಡುತ್ತಿದ್ದೆ.

ಆ ರೈತರ ಎದುರಿಗೆ ನಾನು ಯಾವತ್ತೂ ಮಾಡಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಅದೂ ಬಟ್ಟೆ ಹೊದಿಸುವುದೇ ಇರಬೇಕು.

ಕನ್ನಡ ಮಿಸ್, ತಿಪಟೂರು ಕಡೆ

ಸರ್ಕಾರಿ ಹೈಸ್ಕೂಲಿನಲ್ಲಿ 19 ವರ್ಷದಿಂದ ಇದ್ದೇನೆ. ನೀವು ಅಂಗಡಿಯ ವಿಷಯ ಬರೆದ ಮೇಲೆ ನಾನೂ ನನ್ನದೊಂದು ಬರೆಯುತ್ತೇನೆ.

2011ನೇ ಇಸವಿ. ನನ್ನ ಕ್ಲಾಸಿನಲ್ಲಿ ಒಬ್ಬಳು ಉದ್ದ ಹುಡುಗಿ. ಹುಡುಗರು ಹಿಂದಿನಿಂದ "ಕರೆಂಟ್ ಕಂಬ" ಅಂತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. ಒಂದು ದಿನ ಬೋರ್ಡ್ ಕಾಣುತ್ತಿಲ್ಲ ಅಂತ ಯಾರೋ ಅಂದರು. ನಾನು ನಗುತ್ತಾ "ಕಂಬ, ಸ್ವಲ್ಪ ಪಕ್ಕಕ್ಕೆ ಬಾಮ್ಮಾ" ಅಂದುಬಿಟ್ಟೆ. ಕ್ಲಾಸು ಹೋ ಅಂತ ನಕ್ಕಿತು. ಅವಳೂ ನಕ್ಕಳು. ಅವತ್ತಿನಿಂದ ಆ ಹೆಸರಿಗೆ ಸೀಲು ಬಿದ್ದ ಹಾಗಾಯಿತು. ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋದಲ್ಲಿ ಅವಳು ಮಂಡಿ ಬಗ್ಗಿಸಿ ನಿಂತಿದ್ದಾಳೆ. ಆ ಫೋಟೋ ಈಗಲೂ ನಮ್ಮ ಸ್ಟಾಫ್ ರೂಮಿನ ಗೋಡೆಯ ಮೇಲಿದೆ, ನನ್ನ ಕುರ್ಚಿಯ ಎದುರಿಗೇ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಗುವಿನ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ ಅಂತ ತರಬೇತಿಯಲ್ಲಿ ನಾವೆಲ್ಲ ಬರೆದುಕೊಂಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ 10 ಜೀವನ ಕೌಶಲಗಳ ಪಟ್ಟಿಯಲ್ಲಿ ಸಹಾನುಭೂತಿಯೂ ಇದೆ, ಅದನ್ನು ಚಾರ್ಟಿನಲ್ಲಿ ಬಣ್ಣದ ಪೆನ್ನಿನಲ್ಲಿ ಬರೆದು ನೇತುಹಾಕಿದ್ದೇವೆ. ಮಕ್ಕಳು ಚಾರ್ಟ್ ನೋಡುವುದಿಲ್ಲ ಸಾರ್. ಮಿಸ್ ಯಾವುದಕ್ಕೆ ನಗುತ್ತಾರೆ ಅಂತ ನೋಡುತ್ತಾರೆ.

ಕ್ಲಾಸ್ ಮಿಸ್ ಹತ್ತಿರ ನೀವೇ ಹೋಗಿ ಮಾತಾಡಿ. ಮಗನನ್ನು ಕರೆದುಕೊಂಡು ಹೋಗಬೇಡಿ. ಹಾಜರಿಗೆ ಎಲ್ಲರೂ ಕೈ ಎತ್ತಿದರೆ ಸಾಕು ಅಂತ ಮಾಡಲು ಕೇಳಿ. ನಾನು ಹಾಗೆ ಮಾಡಿದ್ದೆ. ತೊದಲುವ ಒಬ್ಬನಿಗೆ ಮಾತ್ರ ವಿನಾಯಿತಿ ಕೊಟ್ಟರೆ ಅದೇ ಇನ್ನೊಂದು ಅಡ್ಡಹೆಸರಾಗುತ್ತದೆ. ಗೋಡೆ ಪಕ್ಕದ ಆ ಜಾಗದಲ್ಲಿ ಇಂಟರ್‌ವಲ್ ಹೊತ್ತಿಗೆ ಯಾರಾದರೂ ಟೀಚರು ಸುಮ್ಮನೆ ಓಡಾಡಲಿ. ಆ ಹುಡುಗ ಸ್ಕೂಲಿಗೆ ಬರುವುದನ್ನೇ ಬಿಟ್ಟರೆ, ತೀರಾ ಮಂಕಾದರೆ, ತಡಮಾಡಬೇಡಿ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416, ಎರಡೂ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಹಳೇ ಬ್ಯಾಚು

ನಮ್ಮ ವಾಟ್ಸಾಪ್ ಗ್ರೂಪ್ ತೆಗೆದು ನೋಡಿದೆ. 41 ಜನ ಇದ್ದೇವೆ. ಒಬ್ಬ ಸೇರಿಸಿದ ದಿನವೇ ಬಿಟ್ಟು ಹೋಗಿದ್ದ. ಅವನಿಗೆ ಏನು ಹೆಸರಿಟ್ಟಿದ್ದೆವು ಅಂತ ಈಗ ನೆನಪಾಯಿತು. ಇಲ್ಲಿ ಬರೆಯುವ ಹಾಗಿಲ್ಲ.

ಮೋಟಾರ್ ಅಂಗಡಿ, ತುಮಕೂರು

ಮೂರು ವಾರ ಆಯಿತು, ಇಲ್ಲಿಯವರೆಗಿನದು ಹೇಳುತ್ತೇನೆ.

ಕ್ಲಾಸ್ ಮಿಸ್ ಒಳ್ಳೆಯವರು. ಹಾಜರಿಗೆ ಕೈ ಎತ್ತುವುದು ಮರುದಿನವೇ ಶುರುವಾಯಿತು. ಅಂಗಡಿಯಲ್ಲಿ ನಾನು ಮಿಮಿಕ್ರಿ ನಿಲ್ಲಿಸಿದ್ದೇನೆ. ಹುಡುಗರು "ಯಾಕಣ್ಣ ಡಲ್ಲು?" ಅನ್ನುತ್ತಾರೆ. ಹೋದ ಭಾನುವಾರ ಅದೇ ಕಡೆಯ ಒಬ್ಬ ಯಜಮಾನರು ಮೋಟಾರ್ ಇಳಿಸಿ ಹೋದರು. ಅವರು ಬಾಗಿಲು ದಾಟಿದ ಕೂಡಲೇ ಮಗ ನನ್ನ ಮುಖ ನೋಡಿದ, ಶುರು ಮಾಡುತ್ತಾರೆ ಅಂತ. ನಾನು ಸ್ಪ್ಯಾನರ್ ತಗೊಂಡೆ. ಅವನು ತಲೆ ತಗ್ಗಿಸಿ ಸುತ್ತು ಎಣಿಸುತ್ತಾ ಕೂತ.

"ಕಿಕ್ಕು" ಅನ್ನುವುದು ಕಡಿಮೆಯಾಗಿದೆಯಂತೆ. ಪೂರ್ತಿ ನಿಂತಿಲ್ಲ. ನನ್ನ ಮಗ ಬಿಟ್ಟ ಮೇಲೆ ಆ ಕಾಲು ಬೀಸುತ್ತಿದ್ದವನು ಮುಂದಾಳಾಗಿದ್ದಾನೆ. ಒಂದು ದಿನ ಇವನನ್ನೇ "ಏನೋ, ಅವನ ಲಾಯರ್ ಆದ್ಯಾ?" ಅಂದರಂತೆ. ಅವತ್ತು ಸಂಜೆ ಮನೆಗೆ ಬಂದು ಯಾರ ಜೊತೆಗೂ ಮಾತಾಡಲಿಲ್ಲ.

ಇನ್ನೊಂದು ಆಯಿತು. ಆ ಹುಡುಗನ ಅಪ್ಪನ ನಂಬರ್ ಸಿಕ್ಕಿತು. ಫೋನ್ ಮಾಡಿ ನಾನು ಇಂಥವನ ಅಪ್ಪ ಅಂತ ಹೇಳಿದೆ. ಕ್ಷಮೆ ಕೇಳಬೇಕು ಅಂತ ಬಾಯಿ ತೆರೆಯುವ ಮೊದಲೇ ಅವರು "ಓ, ಗೊತ್ತು ಸಾರ್, ನಮ್ಮ ಹುಡುಗ ದಿನಾ ನಿಮ್ಮ ಮಗನ ವಿಷಯ ಹೇಳ್ತಾನೆ, ಕ್ಲಾಸಲ್ಲಿ ಅವನೊಬ್ಬನೇ ಫ್ರೆಂಡು ಅಂತ" ಅಂದರು. ನನಗೆ ಮಾತೇ ಹೊರಡಲಿಲ್ಲ. ಆಮೇಲೆ ನಿಜ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಮೈಸೂರಿನ ಸಂಸ್ಥೆಯ ಹೆಸರು ಬರೆದುಕೊಂಡರು, ಫೋನ್ ಇಟ್ಟರು.

ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಇದನ್ನು ಹೇಳಿದೆ. ಬೈಯಲಿಲ್ಲ, ಅವರು ಹೇಳಿದ್ದನ್ನಷ್ಟೇ ಹೇಳಿದೆ. ಅವನು ಮುದ್ದೆ ಮುರಿದಿದ್ದವನು ಹಾಗೇ ಕೈ ನಿಲ್ಲಿಸಿದ.

"ನನ್ನ ಹೆಸರೇ ಹೇಳಿದ್ರಾ?" ಅಂದ.

ಹೂಂ ಅಂದೆ. ತಟ್ಟೆ ಬಿಟ್ಟು ಎದ್ದು ಹೋದ. ಹೆಂಡತಿ ಹಿಂದೆ ಹೋಗಲು ನೋಡಿದಳು, ನಾನೇ ಬೇಡ ಅಂದೆ. ಈಗ ದಸರಾ ರಜೆ. ಸ್ಕೂಲು ಶುರುವಾದ ಮೇಲೆ ಮತ್ತೆ ಬರೆಯುತ್ತೇನೆ.